ಯಾರೂ ನುಂಗದ ಸಿರಪ್

ಮಾರ್ಚ್ ೩, ಬೆಳಿಗ್ಗೆ ೧೧

ಹದಿನಾಲ್ಕನೇ ಸಿರಪ್. ಸ್ಟ್ರಾಬೆರಿ. ಎಂದಿನಂತೆ ಲ್ಯಾಬಿನಲ್ಲಿ ಬಾಸ್ ಸೇರಿ ನಾವು ಐವರೂ ಸಾಲಾಗಿ ಕುಳಿತು, ಬಾಯಿಗೆ ಹಾಕಿಕೊಂಡು, ಹತ್ತು ಎಣಿಸಿ ಉಗಿದೆವು. ನುಂಗುವಂತಿಲ್ಲ — ಸುರಕ್ಷತೆಯ ನಿಯಮ. ಎಲ್ಲರೂ 'ಸಿಹಿ' ಎಂದು ಬರೆದೆವು. ಆಸ್ಪತ್ರೆಯ ಟ್ರಯಲ್‌ನಲ್ಲಿ ಮಾತ್ರ ಫಿಟ್ಸ್ ಇರುವ ಮಕ್ಕಳು ಉಗುಳುತ್ತಲೇ ಇದ್ದಾರೆ. ಇದೇ ಔಷಧಿಯ ದೊಡ್ಡವರ ಮಾತ್ರೆ ಗೆದ್ದಾಯಿತು. ಮಕ್ಕಳದ್ದು ಜೂನ್ ಮುಗಿಯುವುದರೊಳಗೆ ಆಗದಿದ್ದರೆ ಕೈಬಿಡೋಣ ಎಂದರು ಬಾಸ್.

ಮಾರ್ಚ್ ೬

ತಡೆಯಲಾರದೆ ವಾರ್ಡಿಗೇ ಹೋದೆ. ಆರು ವರ್ಷದ ಹುಡುಗಿ. ನರ್ಸ್ ಅವಳನ್ನು ಕರೆಯುವುದೇ 'ಮೇಡಂ' ಎಂದು. ಬೆಳಿಗ್ಗೆ ಸಿರಪ್ ಉಗಿದಿದ್ದಳು, ಆಮೇಲೆ ಫಿಟ್ಸ್ ಬಂದಿತ್ತು. ಅಮ್ಮನ ತೊಡೆಯ ಮೇಲೆ ಸುಸ್ತಾಗಿ ಮಲಗಿದ್ದಳು.

"ಸಿಹಿ ಇದ್ಯಲ್ಲ ಪುಟ್ಟಿ?"

"ಮೊದ್ಲು ಸಿಹಿ. ಆಮೇಲೆ ಗಂಟ್ಲಲ್ಲಿ ಕಹಿ. ನೀವು ನುಂಗಿ ನೋಡಿದ್ರಾ?"

"ಇಲ್ಲಮ್ಮ."

"ಮತ್ತೆ ನಂಗ್ಯಾಕೆ ನುಂಗು ಅಂತೀರಾ?"

ಅವಳಮ್ಮ ಗದರಿದರು. ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಇಪ್ಪತ್ತು ವರ್ಷದ ಅನುಭವ ಎಂದು ಬೀಗುತ್ತಿದ್ದವಳು... ಉಗಿಯುವವರಿಗೆ ಗಂಟಲಿನ ಕಹಿ ಗೊತ್ತಾಗುವುದಾದರೂ ಹೇಗೆ?

ಮಾರ್ಚ್ ೨೮

ನಾವೇ ನುಂಗಿ ನೋಡಲು ಸುರಕ್ಷತಾ ಸಮಿತಿಯ ಒಪ್ಪಿಗೆಗೆ ಮೂರು ವಾರ ಕಾದೆವು. ಇವತ್ತು ಐವರೂ ನುಂಗಿದೆವು. ಬಾಸ್ ಮೂರು ಲೋಟ ನೀರು ಕುಡಿದು, "ಇದನ್ನಾ ಮಕ್ಕಳಿಗೆ ಕೊಡ್ತಿದ್ದಿದ್ದು?" ಎಂದರು. ನಗುವೂ ಬಂತು, ನಾಚಿಕೆಯೂ ಆಯಿತು.

ಮೇ ೧೯

ಔಷಧಿಯ ಕಣಕಣಕ್ಕೂ ತೆಳು ಹೊದಿಕೆ. ಹೊಟ್ಟೆಗೆ ಇಳಿದ ಮೇಲೆಯೇ ಕರಗಬೇಕು. ಆರು ಸಲ ಕೆಟ್ಟಿತು. ಏಳನೆಯದನ್ನು ನುಂಗಿ ಅರ್ಧ ಗಂಟೆ ಕಾದೆ. ಕಹಿ ಇಲ್ಲ. ನಾಳೆ ವಾರ್ಡಿನ ಡಾಕ್ಟರಿಗೆ ಫೋನ್ ಮಾಡಬೇಕು.

ಜೂನ್ ೨೭, ಮಧ್ಯಾಹ್ನ

ಮೇಡಂ ಚೆಕಪ್‌ಗೆ ಬಂದಿದ್ದರು. ನನ್ನೆದುರೇ ಹೊಸ ಸಿರಪ್ ನುಂಗಿ, ಬಾಯಿ ಅಗಲಿಸಿ ತೋರಿಸಿದರು. "ಅಷ್ಟೇನೂ ಚೆನ್ನಾಗಿಲ್ಲ. ನುಂಗ್ಬೋದು."

ಹದಿನೆಂಟು ದಿನದಿಂದ ಫಿಟ್ಸ್ ಇಲ್ಲ. ಉಳಿದ ಮಕ್ಕಳೂ ಉಗುಳುತ್ತಿಲ್ಲ.

ಅವಳಿಗೆ ಥ್ಯಾಂಕ್ಸ್ ಹೇಳಲೆಂದೇ ಹೋಗಿದ್ದೆ. ಅಷ್ಟರಲ್ಲಿ ಅವಳಮ್ಮ ನನ್ನ ಕೈ ಹಿಡಿದು, "ನಿಮ್ಮ ಉಪಕಾರ ಹೇಗ್ ತೀರಿಸ್ಲಿ ಅಕ್ಕಾ?" ಎಂದುಬಿಟ್ಟರು.

"ಉಪಕಾರ ನಂದಲ್ಲಮ್ಮ, ನಿಮ್ಮ ಮಗಳದ್ದು."

ಮಗಳು ತಲೆ ಎತ್ತಿದಳು. "ಮುಂದಿನ್ ಸಲ ಮೊದ್ಲೇ ನನ್ನ ಕೇಳಿ."

ಆಗಲಿ ಮೇಡಂ, ಎಂದೆ. ಹೇಳುವಾಗಲೇ ಕಣ್ಣು ತುಂಬಿ ಬಂತು. ಈಗ ಬರೆಯುವಾಗಲೂ —