ಆವರಗೆರೆ ಶಾಲೆಯ ಒಂದು ಹಾಳೆ

ದೇವರಾಜ ಅರಸು ಬಡಾವಣೆ, ದಾವಣಗೆರೆ
೧೧-೧೧-೨೦೨೫, ಮಂಗಳವಾರ

ಗೆಳತಿ ಗುಲ್ಷನ್‌ಗೆ,

ಊರಮ್ಮನ ನಮಸ್ಕಾರ, ಸಲಾಮು ಎರಡೂ ಇಟ್ಟುಕೋ. ಹರಿಹರದಲ್ಲಿ ಮಗಳು ಸಾಯಿಮಾಳ ಅಡುಗೆ ಮೈಗೆ ಹತ್ತಿದೆಯೋ, ಅಲ್ಲಿಯೂ ಉಪ್ಪು ಸಾಲದೆಂದು ಜಗಳ ತೆಗೆದಿದ್ದೀಯೋ? ಬರೆಯುವುದು ತಡವಾಯಿತು. ಮೂರನೇ ಕ್ಲಾಸಿನ ಕೈ ನನ್ನದು, ಬೈಯಬೇಡ.

ಹಳೆಯ ಕಾಗದ ಉಳಿಸುವ ಸಂಘಕ್ಕೆ ನಾನು ದಿನಾ ಹೋಗುವುದು ನಿನಗೆ ಗೊತ್ತು. ಸಂಬಳವಿಲ್ಲ, ಚಹಾ ಉಂಟು. ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳಿಂದ ಗೆದ್ದಲು ಮಣ್ಣನ್ನು ಬ್ರಷ್ಷಿನಲ್ಲಿ ಉದುರಿಸುತ್ತೇನೆ. ಆಮೇಲೆ ಕಾಲೇಜಿನ ಮೇಡಂ ಭವ್ಯಾ ಹಾಳೆ ಹಾಳೆಯ ಫೋಟೋ ತೆಗೆಯುತ್ತಾಳೆ. ಶನಿವಾರ ನಮ್ಮ ಆವರಗೆರೆ ಶಾಲೆಯ ಪುಸ್ತಕ ನನ್ನ ಕೈಗೇ ಬಂತು. ೧೯೫೮ನೇ ಇಸವಿ. ನನ್ನ ಹೆಸರಿನ ಕೆಳಗೇ ನಿನ್ನ ಹೆಸರು. ತಂದೆ ಸಿಕಂದರ್ ಸಾಬ್, ಕಸುಬು ಗಾಡಿ ಚಕ್ರ ಮಾಡುವುದು, ವಾಸ ಕೆರೆ ಏರಿ ಪಕ್ಕದ ಮನೆ.

ನಿಮ್ಮಪ್ಪ ೧೯೭೫ನೇ ಇಸವಿಯ ಮೇಲೆ ಬಂದು ಆ ಜಾಗದಲ್ಲಿ ಸುಮ್ಮನೆ ಕೂತವನು ಎಂದು ಲೇಔಟಿನವರು ಕೋರ್ಟಿಗೆ ಹೋಗಿದ್ದಾರಲ್ಲ, ಅವರ ಬಾಯಿ ಮುಚ್ಚಿಸಲು ಈ ಹಾಳೆ ಸಾಕಿತ್ತು. "ಗುರುವಾರ ಕೋರ್ಟಿಗೆ ಇದನ್ನೇ ಕೊಡಾನ ಅಜ್ಜಿ. ಸೋಮವಾರ ಫೋಟೋ ತೆಗಿತೀನಿ" ಎಂದಳು ಭವ್ಯಾ.

ನಿನ್ನೆ ಪುಸ್ತಕ ತೆರೆದರೆ ಆ ಹಾಳೆ ಇಲ್ಲ.

ನಾನು ಗೆದ್ದಲಿಗೆ ಶಾಪ ಹಾಕಿದೆ. ಭವ್ಯಾ ಪುಸ್ತಕದ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಗೆದ್ಲು ಹಿಂಗೆ ನೆಟ್ಟಗೆ ತಿನ್ನಲ್ಲ ಅಜ್ಜಿ. ಯಾರೋ ಬ್ಲೇಡ್ ಹಾಕ್ಯಾರೆ. ಭಾನುವಾರ ಯಾರು ಬಂದಿದ್ರು?"

ನಾನು ಕನ್ನಡಕ ಒರೆಸುತ್ತಾ ಕೂತೆ.

ಇವತ್ತು ಬೆಳಗ್ಗೆ ಸಂಘದ ಬಾಡಿಗೆ ಕೋಣೆಯ ಮಾಲೀಕನೂ ಬಂದ. ಆರು ವರ್ಷದಿಂದ ನಗುತ್ತಾ ಚಹಾ ಕುಡಿದವನು ಹೊಸ್ತಿಲು ದಾಟಲಿಲ್ಲ. "ಈ ವಾರದಾಗೆ ಖಾಲಿ ಮಾಡ್ರಿ. ಯಾಕ ಅಂತ ಕೇಳಬ್ಯಾಡ್ರಿ" ಎಂದು ನಮ್ಮ ಮುಖ ನೋಡದೆ ಹೋದ.

ಹಾಳೆ ಹೋದರೇನು, ಓದಿದ ಕಣ್ಣಿದೆ, ನಾಲಿಗೆಯೂ ಇದೆ. ಗುರುವಾರ ಬಂದು ಜಡ್ಜರ ಎದುರು ಹೇಳುತ್ತೇನೆ. ನಿನ್ನ ಮಗ ರಜಾಕ್‌ಗೆ, ಸಾಯಿಮಾಗೆ ನನ್ನ ಆಶೀರ್ವಾದ. ನಿನ್ನನ್ನು ಹರಸುವಷ್ಟು ದೊಡ್ಡವಳಲ್ಲ ನಾನು. ಮಾಸ್ತರು ಇಬ್ಬರಿಗೂ ಒಂದೇ ಹುಟ್ಟಿದ ದಿನ ಬರೆದಿದ್ದರು.

ನಿನ್ನ
ಊರಮ್ಮ

ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಭಾನುವಾರ ಸಂಘಕ್ಕೆ ಬಂದವನು ನನ್ನ ಮಗ ಮಾಲತೇಶ್. "ಅವ್ವಾ, ನಿನ್ ಸ್ಕೂಲ್ ಬುಕ್ಕು ತೋರ್ಸೇ" ಎಂದ. ನನ್ನ ಓದಿನ ಮೇಲೆ ಮಗನಿಗೆ ಈಗಲಾದರೂ ಅಕ್ಕರೆ ಬಂತೆಂದು ಹಿಗ್ಗಿ, ಬೆರಳಿಟ್ಟು ತೋರಿಸಿ, ಅವನಿಗೆ ಚಹಾ ಮಾಡಲು ಒಳಗೆ ಹೋದೆ. ಲೇಔಟಿನವರ ಸೈಟು ಮಾರಿಸುವವನು ಅವನೇ ಎಂಬುದು ಆಗ ನೆನಪಾಗಲಿಲ್ಲ. ನಿನ್ನೆ ಕೇಳಿದೆ. "ಯಾವ ಹಾಳೆ? ನಿಂಗೆ ವಯಸ್ಸಾತು, ಇನ್ಮ್ಯಾಲೆ ಮನೇಲಿರು" ಎಂದು ನನ್ನ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ. ಅದಕ್ಕೇ ಈ ಕಾಗದ, ಭವ್ಯಾಳ ಕೈಲಿ. ಗುರುವಾರ ನಾನು ಬರದಿದ್ದರೆ, ಅವ್ವನಿಗೆ ಕಾಲುನೋವು ಎಂದು ಅವನು ಹೇಳುತ್ತಾನೆ. ನಂಬಬೇಡ. ನನ್ನ ಕಾಲಿಗೆ ಇವತ್ತಿನವರೆಗೆ ಏನೂ ಆಗಿಲ್ಲ.