ಮಾವಶಿಯ ಮನೆಯಲ್ಲಿ ಹೆಚ್ಚಾದ ಅಕ್ಕಿ

ಅವರ್ಸಾ,
ಮಂಗಳವಾರ, ೨೦ ಮೇ ೨೦೨೫

ಪ್ರೀತಿಯ ತಮ್ಮ ಸತೀಶನಿಗೆ, ನಿನ್ನ ಅಕ್ಕ ರಂಜನಾ ಮನಸಾರೆ ಮಾಡುವ ಆಶೀರ್ವಾದ.

ಸೊಂಟ ನೋವು ಹೇಗಿದೆಯೋ? ಅನ್ನದ ಪಾತ್ರೆಗಳನ್ನು ಒಬ್ಬನೇ ಎತ್ತಬೇಡ ಎಂದು ಎಷ್ಟು ಸಲ ಬಡಕೊಂಡರೂ ನೀನು ಕೇಳುವ ಪೈಕಿ ಅಲ್ಲ. ಜೊತೆಗೊಬ್ಬ ಬಂದ ಮೇಲೆಯೇ ವ್ಯಾನಿನ ಬಾಗಿಲು ತೆಗಿ, ಅವಸರ ಮಾಡಬೇಡ, ಊರಿನ ಹಸಿವೆಲ್ಲ ನಿನ್ನ ಬೆನ್ನಿನ ಮೇಲೇ ಕೂತಿಲ್ಲ. ನಾವೆಲ್ಲ ಆರಾಮ ಇದ್ದೇವೆ. ನಿನ್ನ ಭಾವನಿಗೆ ಸಕ್ಕರೆ ಸ್ವಲ್ಪ ಏರಿದೆ. ಆದರೆ ಕರಿ ಈಶಾಡು ಮಾವಿನಹಣ್ಣಿನ ಕಾಲ ಮುಗಿಯುವವರೆಗೆ ಡಾಕ್ಟರ ಹತ್ತಿರ ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾರೆ. ವಿಭಾಳ ಪರೀಕ್ಷೆ ಮುಗಿಯಿತು. ಸೋದರಮಾವನಿಗೆ ನಮಸ್ಕಾರ ಬರಿ ಎಂದಳು, ಮುಖ ಎತ್ತದೆ, ಫೋನು ನೋಡುತ್ತಲೇ. ಈ ಕಾಗದವನ್ನೂ ಹಣ್ಣಿನ ಪೆಟ್ಟಿಗೆಯನ್ನೂ ಮುಂಬೈಗೆ ಹೊರಟಿರುವ ಪಕ್ಕದ ಮನೆಯ ಕಿಶನನ ಕೈಯಲ್ಲಿ ಕಳಿಸುತ್ತಿದ್ದೇನೆ. ಮೇಲಿನ ಸಾಲಿನ ಹಣ್ಣು ಇವತ್ತೇ ತಿನ್ನುವಂತಿದೆ, ಕೆಳಗಿನದು ಎರಡು ದಿನ ತಡೆಯುತ್ತದೆ.

ದಿನ ಬಿಟ್ಟು ದಿನ ಫೋನ್ ಮಾಡುವ ಅಕ್ಕನಿಗೆ ಈಗ ಕಾಗದ ಬರೆಯುವ ಹುಚ್ಚು ಎಲ್ಲಿಂದ ಬಂತು ಎಂದು ನೀನು ನಗಬಹುದು. ನಗು, ಪರವಾಗಿಲ್ಲ. ಒಂದು ವಿಷಯ ಸತೀಶನಿಗೆ ಹೇಳಕೂಡದು ಎಂದು ಕದ್ವಾಡದ ನಮ್ಮ ಚಿಕ್ಕವ್ವ ಕಾಮಿ ಮಾವಶಿ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಾಳೆ. ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ನಾನೂ ಆಣೆ ಇಟ್ಟೆ. ಬರೆಯಬಾರದು ಎಂದು ಅವಳು ಹೇಳಲಿಲ್ಲ, ನಾನೂ ನೆನಪು ಮಾಡಲಿಲ್ಲ. ಬರೆಯಲು ಬಾರದವರಿಗೆ ಆಣೆ ಇಟ್ಟರೆ ಇಷ್ಟೊಂದು ಅನುಕೂಲ ಇದೆ ನೋಡು.

ನೀನು ಮುಂಬೈಯಲ್ಲಿ ಹೋಟೆಲು, ಮದುವೆ ಹಾಲ್‌ಗಳಲ್ಲಿ ಮಿಕ್ಕಿದ ಊಟವನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಹಸಿದವರಿಗೆ ಬಡಿಸುವ ಕೆಲಸಕ್ಕೆ ಸೇರಿದಾಗ ನಾನು ಆಡಿಕೊಂಡದ್ದು ನಿನಗೆ ಮರೆತಿರಲಿಕ್ಕಿಲ್ಲ. ಆಮೇಲೆ ಅಂಕೋಲೆಯ ಒಂದು ಮದುವೆಯಲ್ಲಿ ಹಾಲ್‌ನ ಹಿಂದೆ ಎರಡು ಹಂಡೆ ಬಿಸಿ ಅನ್ನವನ್ನು ಗುಂಡಿಗೆ ಸುರಿಯುವುದನ್ನು ಕಣ್ಣಾರೆ ಕಂಡು, ಅಲ್ಲಿಂದಲೇ ನಿನಗೆ ಫೋನ್ ಮಾಡಿ ಅತ್ತವಳೂ ನಾನೇ. ಎಲೆಗೆ ಬಡಿಸಿದ್ದು ಮುಟ್ಟಬೇಡ, ತೆಂಗಿನಕಾಯಿ ಹಾಕಿದ್ದು ಮೊದಲು ಹಳಸುತ್ತದೆ, ಮೂಸಿ ನೋಡು, ತಿಂದು ನೋಡು, ಅನುಮಾನ ಬಂದರೆ ಚೆಲ್ಲು ಎಂದು ನೀನು ಹೇಳಿಕೊಟ್ಟ ಪಾಠವನ್ನೆಲ್ಲ ಎರಡು ವರ್ಷದಿಂದ ತಪ್ಪದೆ ನಡೆಸುತ್ತಿದ್ದೇವೆ. ನಿನ್ನ ಭಾವನ ಮೀನಿನ ಟೆಂಪೋವನ್ನು ಉಪ್ಪುನೀರಿನಲ್ಲಿ, ಸೋಪಿನಲ್ಲಿ, ಕೊನೆಗೆ ನಿಂಬೆಹಣ್ಣಿನಲ್ಲಿ ತೊಳೆದು ಕಾರವಾರಕ್ಕೂ ಅಂಕೋಲೆಗೂ ಓಡಿಸುವುದು, ಆಸ್ಪತ್ರೆಯ ಗೇಟಿನಲ್ಲಿ ರೋಗಿಗಳ ಕಡೆಯವರಿಗೆ, ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಬಡಿಸುವುದು. ಈ ಮೇ ತಿಂಗಳಂತೂ ಕೇಳಬೇಡ. ಫೋನು ಎತ್ತಿದರೆ ಒಂದೇ ಮಾತು, ಅಕ್ಕಾ ಅನ್ನ ಹೆಚ್ಚಾಗದೆ, ಬನ್ನಿ, ಸಾರು ಹೆಚ್ಚಾಗದೆ, ಬನ್ನಿ. ಹೆಚ್ಚಾಗಿದೆ ಎಂದರೆ ಮಿಕ್ಕಿದೆ, ನನ್ನ ಕಿವಿಗೆ ಆ ಶಬ್ದಕ್ಕೆ ಬೇರೆ ಅರ್ಥವೇ ಉಳಿದಿರಲಿಲ್ಲ. ನಿನ್ನ ಕಿವಿಯೂ ಹಾಗೇ ಆಗಿರಬೇಕು.

ಶನಿವಾರ ನೀನು ಫೋನ್ ಮಾಡಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅಕ್ಕಾ, ಕಾಮಿ ಮಾವಶಿ ಮನೆಯಲ್ಲಿ ಅಕ್ಕಿ ಹೆಚ್ಚಾಗಿದೆಯಂತೆ, ಹೋದ ವಾರವೂ ಹೇಳಿದಳು, ಈ ವಾರವೂ ಹೇಳಿದಳು, ಹುಳ ಬೀಳುವ ಮೊದಲು ನೀನು ಹೋಗಿ ತಗೊಂಡು ಬಾ, ಆಸ್ಪತ್ರೆ ಗೇಟಿನ ಗಂಜಿಗಾದರೂ ಆಗುತ್ತದೆ ಎಂದೆ ನೀನು. ನನಗೂ ಹೌದೆನಿಸಿತು. ರೇಷನ್ ಅಕ್ಕಿ ಬರುತ್ತದೆ, ಒಂಟಿ ಹೆಂಗಸು, ಎಷ್ಟು ಉಂಡಾಳು ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಎರಡು ದೊಡ್ಡ ಪಾತ್ರೆ ಮತ್ತು ಒಂದು ಖಾಲಿ ಗೋಣಿಚೀಲ ಹಾಕಿಕೊಂಡು ನಾನೂ ನಿನ್ನ ಭಾವನೂ ಹೊರಟೆವು. ಕದ್ವಾಡಕ್ಕೆ ಹೋಗಿ ಚೀಲ ತುಂಬಿಕೊಂಡು, ಅಲ್ಲಿಂದ ಕಾರವಾರದ ಮದುವೆ ಹಾಲ್‌ಗೆ ಹೋಗುವುದೆಂದು ಲೆಕ್ಕ ಹಾಕಿದ್ದೆ. ಬಿಣಗಾ ಘಾಟಿಯಲ್ಲಿ ನಿನ್ನ ಭಾವ, ಮಾವಶಿ ಕೊಡುಗೈಯವಳು, ನೀನು ಮಾತ್ರ ಜಿಪುಣಿ ಎಂದು ಇಡೀ ದಾರಿ ಕಾಡಿದರು.

ಮಾವಶಿ ಅಂಗಳದಲ್ಲೇ ನಿಂತಿದ್ದಳು. ಟೆಂಪೋ ಕಂಡದ್ದೇ ಮುಖ ಅರಳಿತು. "ಸತೀಶ ಕಳ್ಸದ್ನಾ? ನಂಗೊತ್ತಿತ್ತು, ಅಂವಂಗೆ ತಿಳೀತದೆ ಅಂದಿ" ಎಂದು ನನ್ನ ಗಲ್ಲ ಹಿಡಿದಳು. ಬಹಳ ಸೊರಗಿದ್ದಾಳೆ, ಸತೀಶಾ. ಸೆಖೆಗೆ ಹೀಗಾಗಿದ್ದಾಳೆ ಎಂದು ನಾನು ಅಂದುಕೊಂಡೆ. ಟೆಂಪೋದ ಹಿಂದೆ ಹೋಗಿ ನಮ್ಮ ಪಾತ್ರೆಯ ಮುಚ್ಚಳದ ಮೇಲೆ ಕೈ ಇಟ್ಟು, "ಇಷ್ಟ್ ದೊಡ್ಡದು ಎಂತಕ್ಕೆ ಮಗಾ, ನಾ ಒಬ್ಳೇಯ" ಎಂದಳು. ನಾನು ನಕ್ಕು, ನಿನಗಲ್ಲ ಮಾವಶಿ, ನಿನ್ನಿಂದ ತಗೊಂಡು ಹೋಗಲಿಕ್ಕೆ ಎಂದೆ. ಹೇಳಿದ್ದಷ್ಟೇ ಅಲ್ಲ, ಮುಚ್ಚಳ ತೆಗೆದು ಒಳಗೆ ಖಾಲಿ ಎಂದು ತೋರಿಸಿದೆ. ಜಗಲಿಯ ಮೇಲೆ ಗೋಣಿಚೀಲ ಬಿಡಿಸಿ ಬಾಯಿ ಅಗಲಿಸಿ ಹಿಡಿದು, ಹೆಚ್ಚಾದದ್ದು ಎಷ್ಟಿದೆ ತಾ, ಹೊತ್ತಾಗುತ್ತದೆ ಎಂದೆ. ಈಗ ಬರೆಯುವಾಗಲೂ ನನ್ನ ನಾಲಿಗೆ ಕಿತ್ತುಹಾಕಬೇಕು ಎನಿಸುತ್ತದೆ.

ಅವಳು ಒಳಗೆ ಹೋಗಿ ಅಕ್ಕಿ ಡಬ್ಬಿ ತಂದಳು. ಅದೇ ನೀಲಿ ಡಬ್ಬಿ, ನೀನು ಮೊಳೆಯಿಂದ ನಿನ್ನ ಹೆಸರು ಕೆತ್ತಿದ್ದು. ಅದನ್ನು ಚೀಲದ ಬಾಯಿಗೆ ಬಗ್ಗಿಸಿದಳು. ಒಂದು ಹಿಡಿ ಅಕ್ಕಿ ಬಿತ್ತು. ತಳ ತಟ್ಟಿದಳು, ಇನ್ನು ನಾಲ್ಕು ಕಾಳು ಬಿದ್ದವು. "ಇಷ್ಟೇಯ ಮಗಾ, ಹೆಚ್ಚಾದ್ದು" ಎಂದಳು.

ಆಗ ತಿಳಿಯಿತು ನನಗೆ. ಅವ್ವ ನಮಗೆ ಕಲಿಸಿದ್ದು ಏನು ಹೇಳು. ಅಕ್ಕಿ ಮುಗಿಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ಎಣ್ಣೆ ತೀರಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ಬಳೆ ಒಡೆದರೂ ಹೆಚ್ಚಿತು ಎನ್ನಬೇಕು. ಸಣ್ಣವನಿದ್ದಾಗ ನೀನು ಅಂಗಡಿಯಲ್ಲಿ ನಮ್ಮನೆಯಲ್ಲಿ ಅಕ್ಕಿ ಇಲ್ಲ ಎಂದು ಕೂಗಿ ಹೇಳಿ, ಮನೆಗೆ ಬಂದು ಅವ್ವನ ಕೈಯಲ್ಲಿ ಪೆಟ್ಟು ತಿಂದಿದ್ದೆ. ಪೆಟ್ಟು ತಿಂದ ನೀನೂ ಮರೆತೆ, ನೋಡಿ ನಕ್ಕ ನಾನೂ ಮರೆತೆ. ಮಾವಶಿ ಮಾತ್ರ ಅವ್ವನ ತಂಗಿ, ಅವಳು ಹೇಗೆ ಮರೆತಾಳು? ಎರಡು ಶನಿವಾರ ಅವಳು ನಿನಗೆ ತನಗೆ ಬರುವ ಒಂದೇ ರೀತಿಯಲ್ಲಿ ಮನೆಯಲ್ಲಿ ಅಕ್ಕಿ ಇಲ್ಲ ಎಂದು ಹೇಳಿದ್ದಾಳೆ. ನೀನು ಒಳ್ಳೇದಾಯ್ತಲ್ಲ ಮಾವಶಿ ಎಂದೆಯಂತೆ. ಅಕ್ಕನನ್ನು ಕಳಿಸುತ್ತೇನೆ ಎಂದೆಯಂತೆ. ತಿಳಿದೇ ತಮಾಷೆಗೆ ಹಾಗೆ ಹೇಳಿದ್ದಾನೆ ಎಂದುಕೊಂಡು ಅವಳು ಶನಿವಾರ ಸಂಜೆಯಿಂದ ನಮ್ಮ ದಾರಿ ಕಾಯುತ್ತಿದ್ದಳು. ನಾವು ಬಂದೆವು, ಖಾಲಿ ಚೀಲ ಹಿಡಿದುಕೊಂಡು.

ಡಬ್ಬಿಯ ತಳ ಬರಿದಾಗಬಾರದೆಂದು ಆ ಒಂದು ಹಿಡಿಯನ್ನು ಅವಳು ಇಷ್ಟು ದಿನ ಮುಟ್ಟದೆ ಇಟ್ಟಿದ್ದಳಂತೆ. ಎಂಟು ದಿನದಿಂದ ಹಲಸಿನಕಾಯಿ, ಹಲಸಿನ ಬೀಜ, ಕಪ್ಪು ಚಾ. ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಬಿತ್ತು. ಎರಡು ತಿಂಗಳಿಂದ ರೇಷನ್ ಬಂದಿಲ್ಲ. ಯಂತ್ರಕ್ಕೆ ಅವಳ ಬೆರಳಚ್ಚು ಸಿಗುತ್ತಿಲ್ಲ. ನಲವತ್ತು ವರ್ಷ ಕಾಳಿ ನದಿಯಲ್ಲಿ ಚಿಪ್ಪಿ ಹೆಕ್ಕಿ ಹೆಕ್ಕಿ ಹೆಬ್ಬೆಟ್ಟಿನ ಗೆರೆಯೆಲ್ಲ ಸವೆದು ನುಣ್ಣಗಾಗಿದೆ. ಕಾರವಾರಕ್ಕೆ ಹೋಗಿ ಸರಿ ಮಾಡಿಸಿಕೊಂಡು ಬಾ ಎಂದು ಅಂಗಡಿಯವರು ಹೇಳಿದ್ದಾರೆ, ಅವಳ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ. ಚಿಪ್ಪಿಗೂ ಹೋಗಲಾಗುವುದಿಲ್ಲ. ಅಕ್ಕಪಕ್ಕದವರು ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತಾಳೆ. ಅವಳ ಬಾಯಲ್ಲಿ ಇಲ್ಲ ಎನ್ನುವ ಶಬ್ದವೇ ಇಲ್ಲವಲ್ಲ.

ನಿನ್ನನ್ನು ಬಯ್ಯಲು ಇದನ್ನೆಲ್ಲ ಬರೆಯುತ್ತಿಲ್ಲ. ಬಯ್ಯುವುದಾದರೆ ಮೊದಲು ನನ್ನನ್ನೇ ಬಯ್ಯಬೇಕು. ನೀನಿರುವುದು ಮುಂಬೈಯಲ್ಲಿ. ನಾನಿರುವುದು ಅವರ್ಸಾದಲ್ಲಿ, ವಾರಕ್ಕೆ ಮೂರು ಸಲ ಕಾರವಾರಕ್ಕೆ ಅನ್ನ ಹೊತ್ತುಕೊಂಡು ಹೋಗುವವಳು, ಶಿವರಾತ್ರಿಯಿಂದ ಈಚೆ ಒಮ್ಮೆಯೂ ಕದ್ವಾಡದ ಕಡೆ ತಿರುಗಿರಲಿಲ್ಲ. ಗುರುತಿಲ್ಲದವರ ಹಸಿವು ನನಗೆ ದೂರದಿಂದಲೇ ಗೊತ್ತಾಗುತ್ತದೆ, ಅವ್ವ ಹಾಸಿಗೆ ಹಿಡಿದಾಗ ನಾಲ್ಕು ವರ್ಷ ನಿನ್ನನ್ನು ಸಾಕಿ ದುಂಡಗೆ ಮಾಡಿ ಕಳಿಸಿದವಳ ಹಸಿವು ಎದುರು ನಿಂತರೂ ಗೊತ್ತಾಗಲಿಲ್ಲ. ನನಗೆ ಬಹಳ ನಾಚಿಕೆಯಾಗಿದೆ, ತಮ್ಮಾ.

ಮದುವೆ ಹಾಲ್‌ನಿಂದ ಬಿಸಿ ಊಟ ತಂದುಬಿಡುತ್ತೇನೆ, ಅರ್ಧ ತಾಸು ಎಂದೆ. ಮಾವಶಿಗೆ ಸಿಟ್ಟು ನೆತ್ತಿಗೇರಿತು. "ನಾ ಎಂತಾ ಆಸ್ಪತ್ರೆ ಗೇಟಲ್ಲಿ ಕೂತವ್ಳಾ? ನಾ ಬೇಡ್ಲಿಲ್ಲ. ಹೆಚ್ಚಾಗದೆ ಅಂದಿ, ಅಷ್ಟೇಯ" ಎಂದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಳು. ನಾನು ಅಳುತ್ತ ಬಾಗಿಲಲ್ಲಿ ನಿಂತೆ. ನಿನ್ನ ಭಾವನ ತಲೆ ಸಾಮಾನ್ಯವಾಗಿ ಮೀನಿನ ದರದ ಆಚೆ ಓಡುವುದಿಲ್ಲ ಎಂದು ನಾನು ಎಲ್ಲರೆದುರು ಹೇಳುತ್ತ ಬಂದಿದ್ದೇನೆ. ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಾಲು ಚಾಚಿ ನೆಲದ ಮೇಲೆ ಕೂತು, "ಮಾವಶೀ, ನಂಗೆ ಹಸಿವಾಗಿ ಕಣ್ಣು ಕತ್ಲೆ ಬತ್ತದೆ. ಅಳಿಯ ಮನಿಗ್ ಬಂದಾನೆ, ಉಣ್ಸದೇ ಕಳಿಸ್ತ್ಯಾ? ಸಾಮಾನು ನಾ ತರ್ತೆ, ಸಾರು ಮಾತ್ರ ನಿನ್ ಕೈಯಿಂದೇ ಆಗ್ಬೇಕು" ಎಂದರು. ಮಾವಶಿ ತಿರುಗಿ ನೋಡಿ, "ಹುಳಿಗೆ ಕೋಕಂ ತಾ. ಹುಣ್ಸೆಹಣ್ಣು ನಂಗ್ ಆಗೂದಿಲ್ಲ" ಎಂದಳು.

ಬಂಗಡೆ ಸಾರು ಮಾಡಿದಳು. ಅದರ ರುಚಿ ಬರೆದು ನಿನ್ನ ಹೊಟ್ಟೆ ಉರಿಸುವುದಿಲ್ಲ. ನಮ್ಮಿಬ್ಬರಿಗೂ ಬಡಿಸಿದಳು, ಸಾಕು ಎಂದರೂ ಬಡಿಸಿದಳು. ನಿನ್ನ ಭಾವ ಮೂರು ಸಲ ಅನ್ನ ಹಾಕಿಸಿಕೊಂಡರು, ನಾನು ಸಕ್ಕರೆಯ ಮಾತೆತ್ತಲಿಲ್ಲ. ನಾವು ಎದ್ದ ಮೇಲೆ ಅವಳು ತಾಟು ಹಾಕಿಕೊಂಡು ಕೂತಳು. ಮೊದಲ ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಆ ದಿನ ಕಾರವಾರದ ಮದುವೆ ಊಟಕ್ಕೆ ಬೇರೆಯವರನ್ನು ಕಳಿಸಬೇಕಾಯಿತು. ಹೊರಡುವಾಗ, ನಿನ್ನ ಭಾವ ಅಂಗಡಿಯಿಂದ ತಂದಿದ್ದ ಹತ್ತು ಕಿಲೋ ಅಕ್ಕಿ ಇಟ್ಟು ಹೋಗುತ್ತೇವೆ ಎಂದರೆ ಮಾತ್ರ ಕೇಳಲೇ ಇಲ್ಲ. ಉಣ್ಣಲು ಬಂದರೆ ಬನ್ನಿ, ಹಂಚಲು ಬರಬೇಡಿ ಎಂದಳು. ಚೀಲ ಟೆಂಪೋದಲ್ಲೇ ವಾಪಸ್ ಬಂತು, ನಿನಗೆ ಹೇಳುವುದಿಲ್ಲ ಎಂಬ ಆಣೆಯ ಜೊತೆ.

ಗುರುವಾರ ವಿಭಾ ಅವಳನ್ನು ಟೆಂಪೋದಲ್ಲೇ ಕಾರವಾರಕ್ಕೆ ಕರೆದುಕೊಂಡು ಹೋಗುತ್ತಾಳೆ. ಬೆರಳು ಆಗದಿದ್ದರೆ ಕಣ್ಣು ತೋರಿಸಿದರೂ ಆಗುತ್ತದಂತೆ. ಅದು ಸರಿಯಾದೀತು, ಆ ಚಿಂತೆ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು, ಬೆನ್ನಿಗೆ ಎಣ್ಣೆ ಹಚ್ಚಿಕೋ. ನಿನ್ನ ಜೊತೆ ಪಾತ್ರೆ ಎತ್ತುವ ಎಲ್ಲರಿಗೂ ಒಂದೊಂದು ಹಣ್ಣು ಕೊಡು, ಪೆಟ್ಟಿಗೆಯನ್ನು ಬಚ್ಚಿಟ್ಟುಕೊಂಡು ಒಬ್ಬನೇ ತಿನ್ನಬೇಡ. ಭಾವ ನಿನ್ನನ್ನು ನೆನೆಸಿಕೊಂಡಿದ್ದಾರೆ. ಕುಲದೇವರು ನಿನ್ನನ್ನೂ ನಿನ್ನ ವ್ಯಾನನ್ನೂ ಕಾಯಲಿ.

ನಿನ್ನ ಅಕ್ಕ,
ರಂಜನಾ

ವಿ.ಸೂ.: ಕಿಶನ ರಿಕ್ಷಾದಲ್ಲಿ ಕೂತು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಮತ್ತೆ ಕದ್ವಾಡಕ್ಕೆ ಚೀಲ ಒಯ್ದಿದ್ದೆ. ಹೊಸ್ತಿಲು ದಾಟಲು ಬಿಡಲಿಲ್ಲ. ಆಗ ನನ್ನ ಬಾಯಿಂದ ಒಂದು ಸುಳ್ಳು ಬಂತು. ಇದು ನಿನಗಲ್ಲ ಮಾವಶಿ, ಸತೀಶ ಜೂನ್ ಒಂದಕ್ಕೆ ಬರುತ್ತಾನೆ, ಹದಿನೈದು ದಿನ ನಿನ್ನ ಮನೆಯಲ್ಲೇ ಇರುತ್ತಾನಂತೆ, ಅವನ ಅಕ್ಕಿ ಇದು, ಅಲ್ಲಿಯತನಕ ನೀನು ಎರಡು ಹೊತ್ತು ಉಂಡು ಗಟ್ಟಿಯಾಗದಿದ್ದರೆ ಅವನಿಗೆ ಬೇಯಿಸಿ ಹಾಕುವವರು ಯಾರು ಎಂದೆ. ತಾನೇ ಚೀಲ ಎಳೆದು ಒಳಗಿಟ್ಟುಕೊಂಡಳು. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಫೋನಿನಿಂದ ಮಾತಾಡಿ, ಗಂಜಿ ಉಂಡೆ ಎಂದಳು, ಅಂವಂಗೆ ಈಗ್ಲೂ ಸಾರು ಖಾರ ಆಗ್ಬೇಕಾ ಎಂದು ಕೇಳಿದಳು. ಆಗಬೇಕು ಎಂದಿದ್ದೇನೆ. ಅಕ್ಕಿ ಕಳಿಸಬೇಡ, ದುಡ್ಡು ಕಳಿಸಬೇಡ, ರಜೆ ಹಾಕಿ ನೀನೇ ಬಾ. ರೈಲಿನಲ್ಲಿ ಏನೂ ತಿನ್ನಬೇಡ.