ನನ್ನ ಹೆಸರಿಗೆ ಬರೆದ ಹುಳು

ಅಗಳಿ
14-9-2024

ಚಂದ್ರಕ್ಕನಿಗೆ ಉಜ್ಜಿನಮ್ಮನ ನಮಸ್ಕಾರ.

ಹೇಗಿದ್ದೀ ಎಂದು ಕೇಳುವುದಿಲ್ಲ. ನಿನಗೆ ಎರಡು ಬಾಟಲಿ ರಕ್ತ ಹಾಕಿದ್ದನ್ನು ನಿನ್ನ ಮಗಳು ಸಂಧ್ಯಾ ಫೋನಿನಲ್ಲಿ ಅಳುತ್ತಾ ಹೇಳಿದಳು. ಆಸ್ಪತ್ರೆಯಲ್ಲಿ ನೀನು ಅವಳ ಮುಂದೆ ಒಪ್ಪಿಕೊಂಡದ್ದನ್ನೂ ಹೇಳಿದಳು. ನಾನು ಫೋನು ಮಾಡಿದರೆ ನೀನು ಮಾತು ತಪ್ಪಿಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ರಾಯದುರ್ಗದಲ್ಲಿ ನಾವಿಬ್ಬರೂ ಸೇರಿ ಮೆಸ್ ಶುರು ಮಾಡಿ ಹನ್ನೊಂದು ವರ್ಷ. ಲೈಸೆನ್ಸ್ ನಿನ್ನ ಹೆಸರಲ್ಲಿ, ಒಲೆ ನನ್ನ ಕೈಯಲ್ಲಿ. ನಮ್ಮವರು ತೀರಿಕೊಂಡ ಮೇಲೆ ನಿನ್ನ ಮನೆಯ ಹಿಂದಿನ ಕೋಣೆಯೇ ನನ್ನ ಮನೆಯಾಯಿತು. ಸಂಧ್ಯಾಗೆ ನಾನು ಚಿಕ್ಕಮ್ಮನಾದೆ.

ಜೂನ್‌ನಲ್ಲಿ ಹಾಸ್ಟೆಲಿನ ಊಟದ ಗುತ್ತಿಗೆ ಬಂತು. ವಾರ್ಡನ್ ರೇಣುಕಾಪ್ರಸಾದ್ ಅಡುಗೆಯವರಿಬ್ಬರ ಮಲ ಪರೀಕ್ಷೆಯ ರಿಪೋರ್ಟ್ ಕೇಳಿದರು. ಎರಡೂ ಡಬ್ಬಿಗಳನ್ನು ನೀನೇ ಲ್ಯಾಬಿಗೆ ಒಯ್ದೆ. ಸಂಜೆ ರಿಪೋರ್ಟ್ ತಂದೆ. ನಿನ್ನದರಲ್ಲಿ ಏನೂ ಇಲ್ಲ, ನನ್ನದರಲ್ಲಿ ಕೊಕ್ಕೆಹುಳು.

ಮರುದಿನ ಡಾಕ್ಟರಮ್ಮ ನಕ್ಕುಬಿಟ್ಟರು. “ಹುಳ ಬರೇ ಹುಡುಗ್ರಿಗೆ ಆಗ್ತಾವಂತ ಯಾರು ಹೇಳಿದ್ರಿ? ದೊಡ್ಡೋರಿಗೂ ಆಗ್ತಾವ. ಒಂದು ಮಾತ್ರಿ ಅಗಿದು ನುಂಗಿದ್ರ ಆಯ್ತು. ಒಂದ ಮನ್ಯಾಗ ಇರೋರು, ಇಬ್ರೂ ತಗೊಳ್ರಿ,” ಅಂದರು. ನಾನು ಅಲ್ಲೇ ನುಂಗಿದೆ. ನೀನು, “ನನಗೇನೂ ಇಲ್ಲಲ್ರಿ, ನನಗ್ಯಾಕ?” ಎಂದು ಮಾತ್ರೆಯನ್ನು ಪರ್ಸಿಗೆ ಹಾಕಿಕೊಂಡೆ. ಎರಡು ವಾರ ಬಿಟ್ಟು ನನ್ನನ್ನು ಮತ್ತೆ ಪರೀಕ್ಷೆ ಮಾಡಿಸಿದರೆ ಸಾಕು ಎಂದರು ಡಾಕ್ಟರಮ್ಮ. ವಾರ್ಡನ್ನೂ ಒಪ್ಪಿದ್ದರು.

ಅಷ್ಟರಲ್ಲಿ ಸುದ್ದಿ ಹೇಗೋ ಹೊರಗೆ ಬಿತ್ತು. ಮಧ್ಯಾಹ್ನದ ಊಟಕ್ಕೆ ಕೂತಿದ್ದ ದೊಡ್ಡಬೀರಪ್ಪ, ನಮ್ಮ ಮೆಸ್ಸಿನ ಮೊದಲ ಗಿರಾಕಿ, ತುತ್ತು ಕೈಯಲ್ಲೇ ಹಿಡಿದು ಕೇಳಿದ: “ಹುಳ ಅದಾವಂತಲ್ರೀ, ಯಾರಿಗ್ರೀ?”

ನೀನು ನನ್ನತ್ತ ಬೆರಳು ತೋರಿಸಿದೆ. “ಈಕಿಗ್ರೀ. ನಾಳಿಂದ ಈಕಿ ಇರಂಗಿಲ್ಲ.”

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಹಿಟ್ಟು. ಕೂತಿದ್ದವರೆಲ್ಲ ನನ್ನ ಕೈಯನ್ನೇ ನೋಡಿದರು. ನೀನು ತಟ್ಟೆಯಲ್ಲಿದ್ದ ನನ್ನ ರೊಟ್ಟಿಗಳನ್ನು ತೆಗೆದು ಅವರ ಕಣ್ಣೆದುರೇ ಎಮ್ಮೆಯ ಬಾನಿಗೆ ಹಾಕಿದೆ. ಅದನ್ನು ಮಾತ್ರ ನಾನು ಮರೆಯಲಾರೆ ಅಕ್ಕ.

ಅಗಳಿಗೆ ತಮ್ಮನ ಮನೆಗೆ ಬಂದೆ. ಬಂದ ಕಾರಣವನ್ನು, ರಿಪೋರ್ಟಿನಲ್ಲಿ ಬರೆದಿದ್ದ ಹಾಗೆಯೇ, ನಾನೇ ಹೇಳಿದೆ. ಅವನ ಹೆಂಡತಿ ನಾಗಮಣಿ ನನಗೆ ಬೇರೆ ತಟ್ಟೆ ಇಟ್ಟಳು. “ಬೇಜಾರ್ ಮಾಡ್ಕಾಬ್ಯಾಡ ಅತ್ಗೆ, ಮನೇಲಿ ಮಕ್ಳವೆ,” ಅಂದಳು. ಅವಳದ್ದೇನು ತಪ್ಪು? ಮದುವೆ ಮನೆಗಳ ಅಡುಗೆಗೂ ಯಾರೂ ಕರೆಯುವುದಿಲ್ಲ. ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗುತ್ತೇನೆ.

ಈಗ ಸಂಧ್ಯಾ ಹೇಳುತ್ತಾಳೆ: ಮೊದಲೇ ನಿನಗೆ ನಿನ್ನ ಹೊಟ್ಟೆಯ ಮೇಲೆ ಅನುಮಾನವಿತ್ತಂತೆ, ಡಬ್ಬಿಗಳ ಮೇಲಿನ ಹೆಸರುಗಳನ್ನು ನೀನೇ ಅದಲುಬದಲು ಮಾಡಿದೆಯಂತೆ. ಏನೂ ಇಲ್ಲ ಎಂದು ಬರೆಸಿಕೊಂಡ ಮೇಲೆ ಯಾವ ಮುಖದಲ್ಲಿ ಮಾತ್ರೆ ನುಂಗುವುದು ಎಂದು ಪರ್ಸಿನಲ್ಲೇ ಇಟ್ಟುಕೊಂಡೆಯಂತೆ. ತಲೆ ಸುತ್ತಿದರೂ, ಉಗುರು ಬಿಳಿಚಿಕೊಂಡರೂ ಯಾರಿಗೂ ಹೇಳಲಿಲ್ಲವಂತೆ. ಮೂರು ತಿಂಗಳು ಆ ಹುಳ ನಿನ್ನ ರಕ್ತ ಹೀರಿತು. ಒಂದು ಮಾತ್ರೆಯ ಕೆಲಸವಾಗಿತ್ತಲ್ಲ ಅಕ್ಕ! ಅದಕ್ಕೆ ನನ್ನನ್ನು ಬಲಿ ಕೊಟ್ಟುಬಿಟ್ಟೆಯಾ?

ವಾಪಸ್ ಬಾ ಎಂದು ಸಂಧ್ಯಾಳ ಬಾಯಲ್ಲಿ ಹೇಳಿಸಿದ್ದೀ. ಬರುವುದಿಲ್ಲ. ಊಟದ ಹೊತ್ತಿನಲ್ಲಿ, ಆ ಗಿರಾಕಿಗಳ ಎದುರೇ ನಿಜ ಹೇಳು. ಅಷ್ಟು ಮಾಡಿದರೆ ಸಾಕು. ಆಸ್ಪತ್ರೆಯವರು ಕೊಟ್ಟ ಮಾತ್ರೆ ತಪ್ಪಿಸಬೇಡ, ಸಂಧ್ಯಾಗೂ ಕೊಡಿಸು.

ಇಂತಿ,
ನಿನ್ನ ಒಲೆಯ ಮುಂದೆ ಹನ್ನೊಂದು ವರ್ಷ ನಿಂತವಳು,
ಉಜ್ಜಿನಮ್ಮ

ತಾ.ಕ.: ಸಂಧ್ಯಾ ಹೇಳಿದ ಮೇಲೆಯೇ ನನಗೆ ತಿಳಿಯಿತು ಎಂದುಕೊಳ್ಳಬೇಡ. ಆ ಬೆಳಿಗ್ಗೆ ನೀನು ಡಬ್ಬಿಗಳ ಚೀಟಿ ಕಿತ್ತು ಅಂಟಿಸುವಾಗ ನಾನು ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ. ಹೆದರಿದ್ದಾಳೆ, ಸಂಜೆಯೊಳಗೆ ನನಗೆ ತಾನೇ ಹೇಳುತ್ತಾಳೆ ಎಂದು ಸುಮ್ಮನಾದೆ. ನನಗೆ ಬೇಕಿಲ್ಲದ ಮಾತ್ರೆಯನ್ನು ನಿನ್ನ ಮಾನಕ್ಕೆಂದೇ ನುಂಗಿದೆ. ದೊಡ್ಡಬೀರಪ್ಪ ಕೇಳಿದಾಗಲೂ ನಿನ್ನ ಮುಖ ನೋಡುತ್ತಾ ನಿಂತಿದ್ದೆ, ನೀನು ನನ್ನ ಹೆಸರು ಹೇಳಲಾರೆ ಎಂದುಕೊಂಡು.